ಜಾತ್ರೆಯ ಕಲ್ಲು, ಜಿಮ್ಮಿನ ಬಾರ್

ಸಂಕ್ರಾಂತಿ ಹೊತ್ತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಗೆ ಹೋದವರು ಭಾರ ಎತ್ತುವ ಸ್ಪರ್ಧೆ ನೋಡಿರ್ತೀರಿ. ಗುಂಡುಕಲ್ಲು ಎತ್ತೋದು ನೋಡಿ ನಮ್ಮ ಜಿಮ್ ಹುಡುಗರು "ಇದು ಡೆಡ್‌ಲಿಫ್ಟೇ ಅಲ್ವಾ?" ಅಂತಾರೆ. ಪೂರ್ತಿ ಅಲ್ಲ.

ಬಾರಿಗೆ ಹಾಕುವ ದೊಡ್ಡ ಪ್ಲೇಟಿನ ವ್ಯಾಸ 45 ಸೆಂ.ಮೀ. ಹಾಗಾಗಿ ಬಾರ್ ನೆಲದಿಂದ 22.5 ಸೆಂ.ಮೀ. ಎತ್ತರದಲ್ಲೇ ಇರ್ತದೆ, ಕಾಲಿಗೆ ತಾಗಿಕೊಂಡೇ ಮೇಲೆ ಬರ್ತದೆ. ಗುಂಡುಕಲ್ಲಿಗೆ ಹಿಡಿಕೆ ಇಲ್ಲ, ಅದರ ಭಾರವೆಲ್ಲ ದೇಹದಿಂದ ಮುಂದಕ್ಕೆ. ಮೆಕ್ಯಾನಿಕ್ಸ್ ಕ್ಲಾಸ್ ನೆನಪಿಸಿಕೊಳ್ಳಿ (ನಿದ್ದೆ ಮಾಡಿರದಿದ್ದರೆ): ಮೊಮೆಂಟ್ ಅಂದ್ರೆ ಬಲವನ್ನು ದೂರದಿಂದ ಗುಣಿಸಿದ್ದು. 100 ಕೆ.ಜಿ. ಭಾರ ಸೊಂಟದಿಂದ 30 ಸೆಂ.ಮೀ. ಮುಂದಿದ್ದರೆ ಸುಮಾರು 294 ನ್ಯೂಟನ್ ಮೀಟರ್, 50 ಸೆಂ.ಮೀ. ಆದ್ರೆ 490. ತೂಕ ಅದೇ, ಬೆನ್ನಿನ ಲೆಕ್ಕ ಬೇರೆ.

ತಿಕೋಟಾದಲ್ಲಿರೋ ನಮ್ಮ ಕಾಕಾನ ಮಗ, ಅಣ್ಣ, ಪೊಲೀಸ್ ಕಾನ್‌ಸ್ಟೆಬಲ್ ಆಗಬೇಕು ಅಂತ ಬೆಳಿಗ್ಗೆ ಬಬಲೇಶ್ವರ ರಸ್ತೆಯಲ್ಲಿ ಓಡ್ತಾನೆ. 1600 ಮೀಟರ್, 6 ನಿಮಿಷ 30 ಸೆಕೆಂಡು. ಸಂಜೆ ಕಲ್ಲು. ಎರಡೂ ಒಟ್ಟಿಗೆ ಏರಲ್ಲ. ಭಾರದ ತರಬೇತಿ ಅಂದ್ರೆ ಒಂದರಿಂದ ಐದು ಸಲ ಎತ್ತು, ಮೂರರಿಂದ ಐದು ನಿಮಿಷ ಕೂತ್ಕೋ. ಶಕ್ತಿ ಮೊದಲು ನರಗಳ ಕಲಿಕೆಯಿಂದ ಬರ್ತದೆ, ಆಮೇಲೆ ಸ್ನಾಯು ದಪ್ಪ ಆಗಿ. ಓಟದಲ್ಲಿ ಆ ದಪ್ಪವೇ ಹೊರೆ. ಸ್ನಾಯುರಜ್ಜು ಇನ್ನೂ ನಿಧಾನ, ಅವಸರ ಮಾಡಿದ್ರೆ ನೋವು ಅಲ್ಲಿಂದಲೇ ಶುರು. 2016ರಲ್ಲಿ 500 ಕೆ.ಜಿ. ಎತ್ತಿದ ಎಡ್ಡಿ ಹಾಲ್‌ಗೆ ಮೂಗಿನಿಂದ ರಕ್ತ ಬಂದಿತ್ತು. ಅದು ಬೇರೆಯೇ ಲೋಕ ಬಿಡಿ.

ವಾರಕ್ಕೆ ಒಂದು ದಿನ ಎತ್ತಿದರೂ ಗಳಿಸಿದ ಶಕ್ತಿ ಬಹುಪಾಲು ಉಳೀತದೆ, ಮಿಕ್ಕ ದಿನ ಓಡು ಅಂದೆ.

"ಜಾತ್ರಿ ಜನವರಿಯಾಗ ಐತಿ. ಓಟದ ತಾರೀಖು ಎಲ್ಲಿ ಬಂದೈತೋ ತಮ್ಮಾ?" ಅಂದ.