ಕೀಲಿಕೈಯ ಗುಪ್ತಸಂಖ್ಯೆ

ಕಾರವಾರದಿಂದ ಅಂಕೋಲೆಗೆ ಹೋಗಬೇಕಾದ ಹಳೆಯ ಸ್ಪೋರ್ಟ್ಸ್ ಕಾರೊಂದು ಮಳೆಗಾಲದ ಮುಂಜಾನೆ ಹೊರಡಲೊಲ್ಲದು ಎಂದು ಭಾವಿಸೋಣ. ಬ್ಯಾಟರಿ, ಪೆಟ್ರೋಲುಗಳು ಸರಿಯಾಗಿವೆ, ಸ್ಟಾರ್ಟರ್ ತಿರುಗುತ್ತದೆ, ಎಂಜಿನ್ ಮಾತ್ರ ಹೊತ್ತಿಕೊಂಡ ಕ್ಷಣವೇ ಆರಿಹೋಗುತ್ತದೆ. ದೋಷವೆಲ್ಲಿ?

1990ರ ದಶಕದಲ್ಲಿ ಕಾರುಗಳ ಕಳವನ್ನು ತಡೆಯಲು ‘ಇಮ್ಮೊಬಿಲೈಸರ್’ ಎಂಬ ಸಾಧನವು ಬಳಕೆಗೆ ಬಂದಿತು. ಕೀಲಿಕೈಯ ಹಿಡಿಯೊಳಗೆ ಪುಟ್ಟ ಚಿಪ್ ಒಂದು ಅಡಗಿರುತ್ತದೆ. ಅದಕ್ಕೆ ಸಾಮಾನ್ಯವಾಗಿ ಸ್ವಂತ ಬ್ಯಾಟರಿಯಿಲ್ಲ. ಬೀಗದ ಸುತ್ತಲಿನ ತಂತಿಸುರುಳಿಯಲ್ಲಿ ಸೆಕೆಂಡಿಗೆ ಸುಮಾರು 1,25,000 ಆವರ್ತಗಳ ಪರ್ಯಾಯ ವಿದ್ಯುತ್ತು ಹರಿದಾಗ, 1831ರಲ್ಲಿ ಫ್ಯಾರಡೆ ಕಂಡುಹಿಡಿದ ಪ್ರೇರಣೆಯ ನಿಯಮದಂತೆ ಚಿಪ್‌ನ ಸುರುಳಿಯಲ್ಲಿಯೂ ವಿದ್ಯುತ್ತು ಹುಟ್ಟುತ್ತದೆ. ಆ ಬಲದಿಂದಲೇ ಚಿಪ್ ತನ್ನ ಗುಪ್ತಸಂಖ್ಯೆಯನ್ನು ತಿಳಿಸುತ್ತದೆ. ಸಂಖ್ಯೆ ಹೊಂದದಿದ್ದರೆ ನಿಯಂತ್ರಕವು ಇಂಧನವನ್ನೋ ಕಿಡಿಯನ್ನೋ ತಡೆಹಿಡಿಯುತ್ತದೆ.

ಮೊದಲು ಎರಡನೆಯ ಕೀಲಿಕೈಯಿಂದ ಪ್ರಯತ್ನಿಸಬೇಕು. ಕಾರು ಹೊರಟರೆ ದೋಷವು ಮೊದಲನೆಯ ಕೈಯದೆಂದು ತಿಳಿಯಬಹುದು. ಎರಡೂ ಸೋತರೆ ಸುರುಳಿಯನ್ನೂ ಅದರ ಜೋಡಣೆಗಳನ್ನೂ ಸಂದೇಹಿಸಬೇಕು: ಕಡಲತೀರದ ಉಪ್ಪುಗಾಳಿಯು ಲೋಹದ ತುದಿಗಳಿಗೆ ಕಿಲುಬು ಹಿಡಿಸಿ ವಿದ್ಯುತ್ತಿನ ದಾರಿಯನ್ನು ಕೆಡಿಸುತ್ತದೆ. ಬ್ಯಾಟರಿಯ ಸಂಪರ್ಕವನ್ನು ತೆಗೆದು ಕಿಲುಬನ್ನು ಶುಚಿಮಾಡಿದರೆ, ಎಷ್ಟೋ ವೇಳೆ ಅಷ್ಟೇ ಸಾಕಾಗುತ್ತದೆ. ತಂತಿಗಳನ್ನು ಕತ್ತರಿಸುವ ಆತುರ ಸಲ್ಲದು. ಅದರಿಂದ ಕಾವಲೂ ಹೋಗುತ್ತದೆ, ಹೊಸ ದೋಷವೂ ಸೇರುತ್ತದೆ.

ಇನ್ನೊಂದು ಎಚ್ಚರಿಕೆ: ಕೆಲವು ಕಾರುಗಳಲ್ಲಿ ಹೊಸ ಕೈಯನ್ನು ನೋಂದಾಯಿಸಲು ಹಳೆಯ ಕೈಯೇ ಬೇಕು. ಒಂದು ಉಳಿದಿರುವಾಗಲೇ ಮತ್ತೊಂದನ್ನು ಮಾಡಿಸಿಟ್ಟುಕೊಳ್ಳುವುದು ಜಾಣತನ.