ಸಹಿ ಹಾಕುವ ಮುನ್ನ

ಪ್ರಶ್ನೆ: ಸಂಡೂರಿನ ಗಣಿಯೊಂದರಲ್ಲಿ ಆರು ವರ್ಷ ಟಿಪ್ಪರ್ ಓಡಿಸಿದವರನ್ನು ‘ನಾಳೆಯಿಂದ ಬರಬೇಡ’ ಎಂದು ಬಾಯಿಮಾತಲ್ಲೇ ಕಳಿಸಿದ್ದಾರೆ; ಈಗ ರಾಜೀನಾಮೆಗೆ ಸಹಿ ಕೇಳುತ್ತಿದ್ದಾರೆ. ಮುಂದೇನು? — ಓದುಗ, ಹೊಸಪೇಟೆ

ವಕೀಲರ ಉತ್ತರ: ಸಹಿ ಹಾಕಬೇಡಿ. ಹಾಕಿದರೆ ನೀವೇ ಕೆಲಸ ಬಿಟ್ಟಂತಾಗುತ್ತದೆ.

ಕೆಲಸವಿಲ್ಲವೆಂದು ತೆಗೆದಿದ್ದರೆ ತಿಂಗಳ ನೋಟಿಸ್ ಅಥವಾ ಅದರ ಸಂಬಳ, ಜೊತೆಗೆ ವರ್ಷಕ್ಕೆ 15 ದಿನದ ವೇತನ ಸಲ್ಲಬೇಕು. ತಪ್ಪು ಹೊರಿಸಿದ್ದರೆ ವಿಚಾರಣೆ ಆಗಲೇಬೇಕು. ಗ್ರಾಚ್ಯುಟಿ ಬೇರೆ: ವೇತನ 18,200 ರೂಪಾಯಿ ಇದ್ದರೆ 26ರಿಂದ ಭಾಗಿಸಿ, 15ರಿಂದ, ಮತ್ತೆ 6ರಿಂದ ಗುಣಿಸಿ, 63,000 ರೂಪಾಯಿ.

2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಕೆಲಸ ಕಳೆದುಕೊಂಡವರು ಪರಿಹಾರಕ್ಕಾಗಿ ವರ್ಷಗಟ್ಟಲೆ ಹೋರಾಡಬೇಕಾಯಿತು. ಹಾಗಾಗಿ ಸಂಬಳ ಚೀಟಿ, ಪಾಸ್‌ಬುಕ್, ಗೇಟ್‌ಪಾಸ್, ಟ್ರಿಪ್ ಚೀಟಿ ಈಗಲೇ ಒಟ್ಟುಮಾಡಿ.

ಗಣಿ ಕೇಂದ್ರದ ವ್ಯಾಪ್ತಿಯದು. ದೂರನ್ನು ಬಳ್ಳಾರಿಯ ಕೇಂದ್ರ ಸಹಾಯಕ ಕಾರ್ಮಿಕ ಆಯುಕ್ತರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ರಾಜಿಯಾಗದಿದ್ದರೆ ತಡಮಾಡದೆ ವಕೀಲರನ್ನು ಕಾಣಿ. ಫೀಸಿಗೆ ತೊಂದರೆಯಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ.