ದೀರ್ಘ ವಿದೇಶ ಪ್ರವಾಸ: ಕುಟುಂಬದ ಕೈಖರ್ಚಿನ ಅಂದಾಜು

ಹೈದರಾಬಾದಿನ ನಾರಾಯಣಗೂಡ, ಹಿಮಾಯತನಗರ, ಕಾಚಿಗೂಡ ಪ್ರದೇಶಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಅನೇಕವು ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳಿಂದ ವಿದ್ಯೆಗಾಗಿಯೋ ಉದ್ಯೋಗಕ್ಕಾಗಿಯೋ ಬಂದವು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ಆ ಜಿಲ್ಲೆಗಳಿಗೂ ಈ ನಗರವೇ ರಾಜಧಾನಿಯಾಗಿತ್ತು. ಅಂದು ಬಂದವರ ಮಕ್ಕಳೂ ಮೊಮ್ಮಕ್ಕಳೂ ಈಗ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಗಳಲ್ಲಿದ್ದಾರೆ. ಆದುದರಿಂದ ಇಂತಹ ಮನೆಗಳಲ್ಲಿ ವಿದೇಶ ಪ್ರವಾಸವೆಂದರೆ ಎಂಟು ದಿನಗಳ ಸುತ್ತಾಟವಲ್ಲ. ಮಗನ ಮನೆಯಲ್ಲಿಯೋ ಮಗಳ ಮನೆಯಲ್ಲಿಯೋ ಎರಡು ಮೂರು ತಿಂಗಳ ವಾಸ.

ಅಂತಹ ಪ್ರವಾಸಕ್ಕೆ ಹೊರಡುವವರು ವಿಮಾನದ ಟಿಕೆಟು, ವೀಸಾ ಶುಲ್ಕ, ವಿಮೆ ಇವುಗಳ ಲೆಕ್ಕವನ್ನು ಸಾಮಾನ್ಯವಾಗಿ ಸರಿಯಾಗಿಯೇ ಹಾಕುತ್ತಾರೆ. ಅವು ಒಂದೇ ಸಲ ತೆರುವ ದೊಡ್ಡ ಮೊತ್ತಗಳಾದ ಕಾರಣ ಕಣ್ಣಿಗೆ ಬೀಳುತ್ತವೆ. ಕೈಖರ್ಚು ಮಾತ್ರ ಕಣ್ಣಿಗೆ ಬೀಳುವುದಿಲ್ಲ. "ಉಳಿಯಲು ಮನೆಯಿದೆ, ಊಟ ಮನೆಯಲ್ಲಿಯೇ, ಖರ್ಚೇನು ಬಂದೀತು?" ಎಂದು ಹೊರಟವರು ತಿಂಗಳು ಕಳೆಯುವಷ್ಟರಲ್ಲಿ ಮಕ್ಕಳ ಮುಂದೆ ಕೈಚಾಚುವ ಸ್ಥಿತಿಗೆ ಬರುತ್ತಾರೆ. ನಿವೃತ್ತಿ ವೇತನದಲ್ಲಿ ಮೂವತ್ತು ವರ್ಷ ಯಾರ ಹಂಗೂ ಇಲ್ಲದೆ ಮನೆ ನಡೆಸಿದವರಿಗೆ ಇದು ಹಣಕ್ಕಿಂತ ಹೆಚ್ಚಿನ ಕಷ್ಟ. ಪ್ರಸ್ತುತ ಲೇಖನವು ಈ ಕೈಖರ್ಚಿನ ಅಂದಾಜನ್ನು ಕುರಿತದ್ದು.

ಮಿತಿ ಹಾಕುವವರು ಯಾರು?

1960 ಮತ್ತು 1970ರ ದಶಕಗಳಲ್ಲಿ ಹೊರದೇಶಕ್ಕೆ ಹೋದವರು, ಎಂಟು ಡಾಲರ್ ಹಿಡಿದು ವಿಮಾನ ಹತ್ತಿದೆವೆಂದು ಹೇಳುವುದನ್ನು ವಾಚಕರಲ್ಲಿ ಹಲವರು ಕೇಳಿರಬಹುದು. ದೇಶದಲ್ಲಿ ವಿದೇಶಿ ವಿನಿಮಯದ ಕೊರತೆಯಿದ್ದ ಕಾಲವದು. ಪ್ರವಾಸಿ ಎಷ್ಟು ಖರ್ಚು ಮಾಡಬೇಕೆಂಬುದನ್ನು ಕಾನೂನೇ ನಿರ್ಧರಿಸುತ್ತಿತ್ತು. 1973ರ ವಿದೇಶಿ ವಿನಿಮಯ ನಿಯಂತ್ರಣ ಕಾಯಿದೆಯ ಸ್ಥಾನದಲ್ಲಿ 1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯಿದೆ 2000ದ ಜೂನ್ 1ರಿಂದ ಜಾರಿಗೆ ಬಂದಿತು. 'ನಿಯಂತ್ರಣ' ಹೋಗಿ 'ನಿರ್ವಹಣೆ' ಬಂದುದು ಕೇವಲ ಶಬ್ದದ ಬದಲಾವಣೆಯಲ್ಲ. 2004ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕು ಉದಾರೀಕೃತ ಹಣ ರವಾನೆ ಯೋಜನೆಯನ್ನು ಆರಂಭಿಸಿದಾಗ ಒಬ್ಬರಿಗೆ 25,000 ಡಾಲರುಗಳ ಮಿತಿಯಿತ್ತು. 2015ರಲ್ಲಿ ಅದು ಹಣಕಾಸು ವರ್ಷವೊಂದಕ್ಕೆ 2,50,000 ಡಾಲರುಗಳಾಯಿತು. ಅಪ್ರಾಪ್ತ ವಯಸ್ಸಿನ ಮಕ್ಕಳಿಗೂ ಈ ಮಿತಿ ಪ್ರತ್ಯೇಕವಾಗಿ ಅನ್ವಯಿಸುತ್ತದೆ. ಅವರ ಪರವಾಗಿ ಪೋಷಕರು ಸಹಿ ಮಾಡಬೇಕು.

ಮಧ್ಯಮ ವರ್ಗದ ಕುಟುಂಬಕ್ಕೆ ಇಷ್ಟು ದೊಡ್ಡ ಮಿತಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಅಂದು ಸರ್ಕಾರ ಹಾಕುತ್ತಿದ್ದ ಕಟ್ಟನ್ನು ಇಂದು ಮನೆಯ ಯಜಮಾನನೋ ಯಜಮಾನಿಯೋ ಹಾಕಬೇಕಾಗಿದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಪರದೇಶದಲ್ಲಿ ಹಾಸಿಗೆಯನ್ನು ಅಳೆಯುವ ಕೋಲೇ ಬೇರೆ ಎಂಬುದಷ್ಟೇ ತೊಡಕು.

ಆಳು-ದಿನದ ಲೆಕ್ಕ

ಹೊಲದ ಕೆಲಸವನ್ನು ಎಷ್ಟು ಆಳು, ಎಷ್ಟು ದಿನ ಎಂದು ಎಣಿಸುವುದು ನಮ್ಮ ರೈತರ ಪದ್ಧತಿ. ದೀರ್ಘ ಪ್ರವಾಸದ ಕೈಖರ್ಚಿಗೂ ಅದೇ ಪದ್ಧತಿ ಒಪ್ಪುತ್ತದೆ. "ಒಟ್ಟಿಗೆ ಎರಡು ಲಕ್ಷ ಸಾಕು" ಎಂದು ಒಂದು ಮೊತ್ತವನ್ನು ಮನಸ್ಸಿಗೆ ತೋಚಿದಂತೆ ಹಿಡಿಯುವುದಕ್ಕಿಂತ, ಒಬ್ಬರ ಒಂದು ದಿನದ ಖರ್ಚಿನಿಂದ ಮೇಲಕ್ಕೆ ಕಟ್ಟುತ್ತ ಬರುವುದು ಮೇಲು.

ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ನಾರಾಯಣಗೂಡದ ನಿವೃತ್ತ ದಂಪತಿ, ಇಲ್ಲಿಯೇ ಇರುವ ಮಗಳು, ಆಕೆಯ ಹತ್ತು ವರ್ಷದ ಮಗ, ಹೀಗೆ ನಾಲ್ವರು ನ್ಯೂ ಜೆರ್ಸಿಯ ಎಡಿಸನ್ ಪಟ್ಟಣದಲ್ಲಿರುವ ಹಿರಿಯ ಮಗನ ಮನೆಗೆ ಹೊರಟಿದ್ದಾರೆ. ಹುಡುಗನ ಬೇಸಗೆ ರಜೆ ಮುಗಿಯುವ ಮೊದಲು, 40 ದಿನಗಳ ನಂತರ ತಾಯಿ ಮಗ ಹಿಂದಿರುಗುತ್ತಾರೆ. ಹಿರಿಯರಿಬ್ಬರು ಮತ್ತೂ 50 ದಿನ ಉಳಿಯುತ್ತಾರೆ. ನಾಲ್ವರ 40 ದಿನವೆಂದರೆ 160 ಆಳು-ದಿನ, ಇಬ್ಬರ 50 ದಿನವೆಂದರೆ 100, ಒಟ್ಟು 260. ಇವುಗಳಲ್ಲಿ ನಯಾಗರಾ ಜಲಪಾತ ಮುಂತಾದೆಡೆಗೆ ನಾಲ್ವರೂ ಐದು ದಿನ ಹೋಗಿಬರುವುದಾದರೆ 20 ಆಳು-ದಿನಗಳು ಬೇರೆಯಾಗುತ್ತವೆ. ಉಳಿದ 240 ಸಾಮಾನ್ಯ ದಿನಗಳು.

ಸಾಮಾನ್ಯ ದಿನದಲ್ಲಿ ಖರ್ಚು ಯಾವುದು? ಬಸ್ಸು ರೈಲಿನ ಟಿಕೆಟು, ಹೊರಗೆ ಕುಡಿದ ಕಾಫಿ, ಮಗುವಿಗೆ ಐಸ್‌ಕ್ರೀಮು, ದೇವಸ್ಥಾನದ ಹುಂಡಿ, ಮಗನ ಮನೆಗೆ ಬರುವಾಗ ಕೈಯಲ್ಲಿ ಹಿಡಿದು ತಂದ ಹಣ್ಣು. ಒಬ್ಬರಿಗೆ ದಿನಕ್ಕೆ 8 ಡಾಲರೆಂದು ಹಿಡಿಯೋಣ; 240 ದಿನಕ್ಕೆ 1,920 ಡಾಲರ್. ಊರು ಬಿಟ್ಟು ಹೋದ ದಿನಗಳಲ್ಲಿ ಹೋಟೆಲು, ಊಟ, ಪ್ರವೇಶ ಶುಲ್ಕ ಸೇರಿ ಒಬ್ಬರಿಗೆ 70 ಡಾಲರೆಂದರೆ 20 ದಿನಕ್ಕೆ 1,400. ಹಿಂದಿರುಗುವಾಗ ನೆಂಟರಿಷ್ಟರಿಗೆ ಒಯ್ಯುವ ಉಡುಗೊರೆಗೆ 500. ಇವೆಲ್ಲ ಸೇರಿ 3,820 ಡಾಲರ್. ಇದರ ಮೇಲೆ ಸುಮಾರು ಶೇಕಡಾ 15ರಷ್ಟು, ಅಂದರೆ 600 ಡಾಲರುಗಳನ್ನು ಆಪತ್ತಿಗೆಂದು ತೆಗೆದಿಡಬೇಕು. ತಿರುಪತಿಗೆ ಕಟ್ಟಿಟ್ಟ ಮುಡಿಪನ್ನು ಮನೆಯಲ್ಲಿ ಯಾರೂ ಮುಟ್ಟುವುದಿಲ್ಲವಷ್ಟೆ; ಈ 600 ಡಾಲರುಗಳೂ ಹಾಗೆಯೇ. ಮೊತ್ತ 4,420. ಲೆಕ್ಕಕ್ಕಾಗಿ ಡಾಲರಿಗೆ 90 ರೂಪಾಯಿ ಎಂದಿಟ್ಟುಕೊಂಡರೆ 3,97,800 ರೂಪಾಯಿ. ಉಳಿಯಲು ಸ್ವಂತ ಮಗನ ಮನೆಯಿದ್ದಾಗ್ಯೂ ಕೈಖರ್ಚೇ ನಾಲ್ಕು ಲಕ್ಷಕ್ಕೆ ಹತ್ತಿರವಾಗುತ್ತದೆ.

ಮೇಲಿನ 8 ಮತ್ತು 70 ಎಂಬ ಅಂಕಿಗಳು ಉದಾಹರಣೆಗೆ ಮಾತ್ರ. ಅಲ್ಲಿರುವ ಮಕ್ಕಳನ್ನು ಮೊದಲೇ ಕೇಳಿ ತಮ್ಮ ತಮ್ಮ ಅಂಕಿಗಳನ್ನು ಹಾಕಿಕೊಳ್ಳಬೇಕು. ಹಾಗೆ ಕೇಳುವಾಗ ಒಂದು ಸಂಗತಿ ನೆನಪಿರಲಿ. ಭಾರತದಲ್ಲಿ ಪೊಟ್ಟಣದ ಮೇಲೆ ಮುದ್ರಿಸಿದ ಬೆಲೆಯಲ್ಲಿ ತೆರಿಗೆ ಸೇರಿರುತ್ತದೆ. ಅಮೆರಿಕದ ಅಂಗಡಿಯ ಚೀಟಿಯಲ್ಲಿ ಸೇರಿರುವುದಿಲ್ಲ. ನ್ಯೂ ಜೆರ್ಸಿಯಲ್ಲಿ ಮಾರಾಟ ತೆರಿಗೆ ಶೇಕಡಾ 6.625, ನದಿಯಾಚೆಯ ನ್ಯೂಯಾರ್ಕ್ ನಗರದಲ್ಲಿ ಶೇಕಡಾ 8.875. ನ್ಯೂ ಜೆರ್ಸಿಯಲ್ಲಿ ಸಾಮಾನ್ಯ ಉಡುಪುಗಳಿಗೆ ತೆರಿಗೆಯಿಲ್ಲವಾದ್ದರಿಂದ ಉಡುಗೊರೆಯ ಬಟ್ಟೆಬರೆಗಳನ್ನು ಅಲ್ಲಿಯೇ ಕೊಳ್ಳುವುದು ಜಾಣತನ. ಹೋಟೆಲಿನಲ್ಲಿ ಬಡಿಸಿದವರಿಗೆ ಬಿಲ್ಲಿನ ಶೇಕಡಾ 15ರಿಂದ 20ರಷ್ಟು ಭಕ್ಷೀಸು ಕೊಡುವುದು ಅಲ್ಲಿಯ ರೂಢಿ. ನಮ್ಮಲ್ಲಿ ಅದು ಮನಸ್ಸಿಗೆ ಬಂದರೆ ಕೊಡುವಂಥದು. ಅಲ್ಲಿ ಹೆಚ್ಚುಕಡಿಮೆ ಕೊಡಲೇಬೇಕಾದದ್ದು. ಹೀಗಾಗಿ ಊಟದ ಪಟ್ಟಿಯಲ್ಲಿ 40 ಡಾಲರೆಂದು ಕಂಡದ್ದು ಕೈಬಿಡುವ ಹೊತ್ತಿಗೆ 50ರ ಆಸುಪಾಸಿಗೆ ಬಂದಿರುತ್ತದೆ.

ವಿನಿಮಯ ದರ

2013ರ ಮೇ ತಿಂಗಳ ಆರಂಭದಲ್ಲಿ ಡಾಲರಿಗೆ ಸುಮಾರು 54 ರೂಪಾಯಿ ದರವಿತ್ತು. ಆಗಸ್ಟ್ ಕೊನೆಯ ವಾರದಲ್ಲಿ ಅದು 68ನ್ನು ದಾಟಿತು. ಮೇ ತಿಂಗಳಲ್ಲಿ 3,000 ಡಾಲರಿಗೆ 1,62,000 ರೂಪಾಯಿ ಎಂದು ಬರೆದಿಟ್ಟುಕೊಂಡು ದಸರೆಯ ವೇಳೆಗೆ ಹೊರಡಲಿದ್ದ ಕುಟುಂಬ ಆಗಸ್ಟಿನಲ್ಲಿ ಹಣ ಬದಲಿಸಲು ಹೋದರೆ 2,04,000 ರೂಪಾಯಿ ತೆರಬೇಕಿತ್ತು. ಪ್ರವಾಸದಲ್ಲಿ ಏನೂ ಹೆಚ್ಚಾಗದೆ 42,000 ರೂಪಾಯಿ ಹೆಚ್ಚಾಯಿತು. ಇಂತಹ ಏರಿಳಿತ ಪ್ರತಿವರ್ಷ ಬರುವುದಿಲ್ಲ, ಬರುವ ವರ್ಷ ಮುನ್ಸೂಚನೆ ಕೊಡುವುದೂ ಇಲ್ಲ. ವಿದೇಶಿ ವಿನಿಮಯವನ್ನು ಪ್ರಯಾಣಕ್ಕೆ 60 ದಿನ ಮುಂಚಿತವಾಗಿ ಪಡೆಯಲು ಅವಕಾಶವಿದೆ. ಅಗತ್ಯದ ಮೊತ್ತವನ್ನು ಈ ಅವಧಿಯಲ್ಲಿ ಎರಡು ಮೂರು ಕಂತುಗಳಲ್ಲಿ ಕೊಂಡರೆ ದರದ ಹೊಡೆತ ಒಂದೇ ದಿನದ ಮೇಲೆ ಬೀಳುವುದಿಲ್ಲ.

ಹೊರಟ ಮೇಲೆ ಮಾತ್ರ ರೂಪಾಯಿಯನ್ನು ಮರೆಯುವುದು ಒಳ್ಳೆಯದು. ನಾಲ್ಕೂವರೆ ಡಾಲರಿನ ಕಾಫಿಯನ್ನು ನಾನೂರು ರೂಪಾಯಿ ಎಂದು ಗುಣಿಸಿ, ಆ ಹಣದಲ್ಲಿ ನಾರಾಯಣಗೂಡದ ಹೋಟೆಲಿನಲ್ಲಿ ಎಷ್ಟು ಇರಾನಿ ಚಹಾ ಬರುತ್ತಿತ್ತೆಂದು ಭಾಗಿಸುತ್ತ ಕುಳಿತರೆ ಕಾಫಿಯ ರುಚಿಯೂ ಹೋಗುತ್ತದೆ, ಲೆಕ್ಕವೂ ಸರಿಹೋಗುವುದಿಲ್ಲ. ಹೀಗೆ ಗುಣಿಸುವವರು ಮೊದಲ ಹದಿನೈದು ದಿನ ಏನನ್ನೂ ಕೊಳ್ಳದೆ, ಬಳಿಕ ಬೇಸತ್ತು ಲೆಕ್ಕವನ್ನೇ ಕೈಬಿಡುವುದುಂಟು. ಬೆಲೆಯನ್ನು ಆ ದಿನದ 8 ಡಾಲರಿನೊಡನೆ ಹೋಲಿಸಬೇಕು. ಹಳೆಯ ಹೈದರಾಬಾದ್ ಸಂಸ್ಥಾನದವರಿಗೆ ಈ ಮಾತು ಹೊಸದಲ್ಲ. ನಿಜಾಮರ ಹಾಲಿ ಸಿಕ್ಕಾ ನಾಣ್ಯ ಏಳು ರೂಪಾಯಿಗೆ ಬ್ರಿಟಿಷ್ ಭಾರತದ ಕಲ್ದಾರ್ ಆರು ರೂಪಾಯಿ ಸಮವಾಗಿತ್ತು. ಕಲಬುರಗಿಯಿಂದ ಸೊಲ್ಲಾಪುರದ ಪೇಟೆಗೆ ಹೋದವನು ಅಲ್ಲಿ ಕಲ್ದಾರಿನಲ್ಲಿಯೇ ವ್ಯವಹರಿಸಬೇಕಿತ್ತು. ಎರಡು ನಾಣ್ಯಗಳ ನಡುವೆ ಬಾಳಿದ ಆ ತಲೆಮಾರಿನ ಮೊಮ್ಮಕ್ಕಳು ಡಾಲರಿಗೆ ಅಂಜಬೇಕಾಗಿಲ್ಲ.

ಖರ್ಚನ್ನು ವಾರಕ್ಕೊಮ್ಮೆ ನೋಡಿದರೆ ಸಾಕು. ನಮ್ಮ ಉದಾಹರಣೆಯಲ್ಲಿ ನಾಲ್ವರಿರುವಾಗ ವಾರಕ್ಕೆ 224 ಡಾಲರ್, ಇಬ್ಬರಾದ ಮೇಲೆ 112. ಒಂದು ಸಣ್ಣ ದಿನವಹಿ ಪುಸ್ತಕದಲ್ಲಿ ಬರೆಯುವ ಕೆಲಸವನ್ನು ಹತ್ತು ವರ್ಷದ ಹುಡುಗನಿಗೆ ವಹಿಸಬಹುದು. ರಜೆಯಲ್ಲಿ ಅವನು ಕಲಿಯುವ ಗಣಿತ ಶಾಲೆಯದಕ್ಕಿಂತ ಕಡಿಮೆಯದಾಗುವುದಿಲ್ಲ.

ಹಣವನ್ನು ಒಯ್ಯುವ ಬಗೆ

ಸಾಮಾನ್ಯವಾಗಿ ಒಬ್ಬ ಪ್ರಯಾಣಿಕರು ಒಂದು ಪ್ರಯಾಣಕ್ಕೆ 3,000 ಡಾಲರುಗಳಷ್ಟು ಮೌಲ್ಯದ ವಿದೇಶಿ ನೋಟುಗಳನ್ನು ಒಯ್ಯಬಹುದು. ಕೆಲವು ದೇಶಗಳಿಗೆ ಬೇರೆ ಮಿತಿಗಳಿವೆ. ಉಳಿದದ್ದನ್ನು ಮೊದಲೇ ಹಣ ತುಂಬಿದ ವಿದೇಶಿ ವಿನಿಮಯ ಕಾರ್ಡಿನಲ್ಲಿ ಒಯ್ಯಬೇಕು. ಅಷ್ಟು ನೋಟುಗಳನ್ನು ಒಯ್ಯುವ ಅಗತ್ಯವೂ ಇಲ್ಲ. ಕುಟುಂಬಕ್ಕೆ ಐದಾರು ನೂರು ಡಾಲರುಗಳನ್ನು ಸಣ್ಣ ನೋಟುಗಳಲ್ಲಿ ಇಟ್ಟುಕೊಂಡು ಉಳಿದದ್ದನ್ನು ಎರಡು ಕಾರ್ಡುಗಳಿಗೆ ಹಂಚಿ, ಅವುಗಳನ್ನು ಇಬ್ಬರ ಬಳಿ ಇಡುವುದು ಕ್ಷೇಮ. ವಿನಿಮಯವನ್ನು ಪರವಾನಗಿ ಪಡೆದ ಬ್ಯಾಂಕು ಅಥವಾ ಹಣ ವಿನಿಮಯದಾರರಲ್ಲಿಯೇ ಮಾಡಿ ರಸೀದಿ ಪಡೆಯತಕ್ಕದ್ದು. 50,000 ರೂಪಾಯಿಗಿಂತ ಹೆಚ್ಚಿನ ವ್ಯವಹಾರಕ್ಕೆ ನಗದು ಕೊಡುವಂತಿಲ್ಲ. ಚೆಕ್ಕು, ಡ್ರಾಫ್ಟು ಅಥವಾ ಕಾರ್ಡಿನ ಮೂಲಕ ಪಾವತಿ ಮಾಡಬೇಕು. ಶಂಷಾಬಾದ್ ವಿಮಾನ ನಿಲ್ದಾಣದಲ್ಲಿ ಕೊನೆಯ ಗಳಿಗೆಗೆ ಬದಲಿಸೋಣವೆಂದು ಬಿಡುವುದು ಬೇಡ. ಯಾವ ವಿಮಾನ ನಿಲ್ದಾಣದಲ್ಲಿಯೂ ಆತುರದವರಿಗೆ ಅಗ್ಗದ ದರ ಸಿಗುವುದಿಲ್ಲ. ಹಿಂದಿರುಗಿದಾಗ ಬಾಡಿಗೆ ಕಾರಿಗೆಂದು ಭಾರತದ ನೋಟುಗಳನ್ನೂ ಇಟ್ಟುಕೊಳ್ಳಬಹುದು. ನೇಪಾಳ, ಭೂತಾನಗಳನ್ನು ಬಿಟ್ಟು ಇತರ ದೇಶಗಳಿಗೆ ಹೋಗುವಾಗ ಇದರ ಮಿತಿ ಒಬ್ಬರಿಗೆ 25,000 ರೂಪಾಯಿ.

ಮನೆಯ ಕ್ರೆಡಿಟ್ ಕಾರ್ಡನ್ನು ಅಲ್ಲಿ ಬಳಸಿದರೆ ಅನೇಕ ಬ್ಯಾಂಕುಗಳು ಶೇಕಡಾ 2ರಿಂದ 3.5ರವರೆಗೆ ಹೆಚ್ಚುವರಿ ಶುಲ್ಕ ಹಾಕುತ್ತವೆ. ಅಂಗಡಿಯ ಯಂತ್ರ "ರೂಪಾಯಿಯಲ್ಲಿ ಪಾವತಿಸುವಿರಾ?" ಎಂದು ಕೇಳಿದರೆ ಬೇಡವೆನ್ನಬೇಕು. ನಮ್ಮ ರೂಪಾಯಿಯನ್ನು ಕಂಡು ಸಂತೋಷವಾಗುತ್ತದೆ ನಿಜ, ಆದರೆ ಆ ಪರಿವರ್ತನೆಯ ದರ ಬಹುತೇಕ ನಮಗೆ ನಷ್ಟದ್ದೇ.

ಮೂಲದಲ್ಲಿ ಸಂಗ್ರಹಿಸುವ ತೆರಿಗೆಯ ಬಗೆಗೆ ಒಂದು ಮಾತು. 2025ರ ಏಪ್ರಿಲಿನಿಂದ, ಸ್ವಂತವಾಗಿ ಪ್ರಯಾಣಿಸುವ ಒಬ್ಬರ ವಿನಿಮಯ ವರ್ಷಕ್ಕೆ ಹತ್ತು ಲಕ್ಷ ರೂಪಾಯಿ ಮೀರಿದರೆ ಮಾತ್ರ ಈ ತೆರಿಗೆ ಬರುತ್ತದೆ. ಆದುದರಿಂದ ನಮ್ಮ ಕುಟುಂಬಕ್ಕೆ ಅದರ ಬಾಧೆಯಿಲ್ಲ. ಪ್ರವಾಸ ಸಂಸ್ಥೆಯಿಂದ ಇಡಿಯ ಪ್ರವಾಸವನ್ನೇ ಕೊಳ್ಳುವವರಿಗೆ ಮೊದಲ ರೂಪಾಯಿಯಿಂದಲೇ ತೆರಿಗೆಯಿದೆ. ದರಗಳು ಬಜೆಟಿನಿಂದ ಬಜೆಟಿಗೆ ಬದಲಾಗುತ್ತಿರುವುದರಿಂದ ಹಣ ಕಟ್ಟುವ ದಿನ ಕೇಳಿ ತಿಳಿಯಬೇಕು. ಹೀಗೆ ಸಂಗ್ರಹಿಸಿದ ಮೊತ್ತವನ್ನು ಆದಾಯ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು ಅಥವಾ ಮರಳಿ ಪಡೆಯಬಹುದು.

ಮನೆಮಾತು

ಯಾವ ಖರ್ಚು ಯಾರದೆಂಬುದನ್ನು ಹೊರಡುವ ಮೊದಲೇ ಮಾತನಾಡಿಕೊಳ್ಳುವುದು ನಮ್ಮವರಿಗೆ ಸಂಕೋಚದ ವಿಷಯ. "ಅಪ್ಪ, ನೀವು ಬರಿಗೈಯಲ್ಲಿ ಬನ್ನಿ" ಎಂದು ಮಗ ಅನ್ನುವುದು ಪ್ರೀತಿಯಿಂದಲೇ. ಅವನಿಗೂ ಮನೆಯ ಸಾಲದ ಕಂತಿರುತ್ತದೆ, ಮಕ್ಕಳ ಶಾಲೆಯಿರುತ್ತದೆ. ತೊಂಬತ್ತು ದಿನ ಅತಿಥಿಗಳೆಂದರೆ ಅವನ ಆಯವ್ಯಯವೂ ಅಲುಗುತ್ತದೆ, ಅದನ್ನು ಅವನು ಹೇಳಲಾರ. ದಿನಸಿ, ಕಾರಿನ ಪೆಟ್ರೋಲು ಮಗನದು. ಊರು ಬಿಟ್ಟ ಪ್ರವಾಸ, ಉಡುಗೊರೆ, ಸ್ವಂತ ಔಷಧಿ ತಮ್ಮದು ಎಂದು ಮೊದಲೇ ಗೆರೆ ಎಳೆದುಕೊಂಡ ಮನೆಗಳಲ್ಲಿ ಮೂರನೆಯ ತಿಂಗಳೂ ಮೊದಲನೆಯ ವಾರದಂತೆ ಕಳೆಯುವುದನ್ನು ಕಾಣಬಹುದು.

ಔಷಧಿಯ ಮಾತು ಬಂದುದರಿಂದ: ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಮಾತ್ರೆಗಳನ್ನು ಪೂರ್ಣ ಅವಧಿಗೆ ಆಗುವಷ್ಟು ಇಲ್ಲಿಯೇ ಕೊಂಡು, ವೈದ್ಯರ ಚೀಟಿಯೊಡನೆ ಒಯ್ಯಬೇಕು. ಅಮೆರಿಕದಲ್ಲಿ ಒಂದೇ ಬಾರಿ ಆಸ್ಪತ್ರೆಗೆ ಹೋದರೂ ಬಿಲ್ಲು ಸಾವಿರಾರು ಡಾಲರಿಗೆ ಏರಬಹುದು. 600 ಡಾಲರಿನ ಮುಡಿಪು ಅದಕ್ಕೆ ಸಾಲದು, ವಿಮೆಯೇ ಬೇಕು. ಮೊದಲಿನಿಂದಲೇ ಇರುವ ಕಾಯಿಲೆಗೆ ವಿಮೆ ಎಷ್ಟರ ಮಟ್ಟಿಗೆ ಅನ್ವಯಿಸುತ್ತದೆಂಬುದನ್ನು ಓದಿ ನೋಡದೆ ಹಣ ಕಟ್ಟಬಾರದು.

ನಾರಾಯಣಗೂಡದ ಮನೆಗೆ ಬೀಗ ಹಾಕಿದರೂ ಅದರ ಖರ್ಚು ನಿಲ್ಲುವುದಿಲ್ಲ. ವಿದ್ಯುತ್ತಿನ ಕನಿಷ್ಠ ಶುಲ್ಕ, ಅಪಾರ್ಟ್‌ಮೆಂಟಿನ ನಿರ್ವಹಣೆಯ ಹಣ, ಮನೆಗೆಲಸದವಳಿಗೆ ಕೊಡಲೇಬೇಕಾದ ಸಂಬಳ ಇವುಗಳಿಗೆ ಮೂರು ತಿಂಗಳ ಹಣವನ್ನು ಬೇರೆ ಖಾತೆಯಲ್ಲಿ ಬಿಟ್ಟು ಹೊರಡಬೇಕು. ಪ್ರವಾಸದ ಅವಧಿಯಲ್ಲಿ ನವೆಂಬರ್ ತಿಂಗಳು ಬರುವುದಾದರೆ ಕೇಂದ್ರ ಸರ್ಕಾರದ ಪಿಂಚಣಿದಾರರು ಜೀವನ ಪ್ರಮಾಣ ಪತ್ರವನ್ನು ಮರೆಯುವಂತಿಲ್ಲ. 2021ರ ನವೆಂಬರಿನಿಂದ ಮುಖ ಗುರುತಿಸುವಿಕೆಯ ಮೂಲಕ ಮೊಬೈಲಿನಲ್ಲಿಯೇ ಇದನ್ನು ಸಲ್ಲಿಸುವ ಅನುಕೂಲವಿದೆ.

ಹಿಂದಿರುಗಿದ ಬಳಿಕ ಉಳಿದ ವಿದೇಶಿ ಹಣವನ್ನು 180 ದಿನಗಳೊಳಗೆ ಬ್ಯಾಂಕಿಗೋ ವಿನಿಮಯದಾರರಿಗೋ ಒಪ್ಪಿಸಬೇಕು. ಮುಂದಿನ ಪ್ರಯಾಣಕ್ಕೆಂದು 2,000 ಡಾಲರುಗಳವರೆಗಿನ ನೋಟುಗಳನ್ನು ಇಟ್ಟುಕೊಳ್ಳಬಹುದು. ನಾಣ್ಯಗಳಿಗೆ ಮಿತಿಯಿಲ್ಲ, ಆದರೆ ಅವನ್ನು ಇಲ್ಲಿ ಕೊಳ್ಳುವವರು ದೊರೆಯುವುದು ಕಷ್ಟ. ವಿಮಾನ ಹತ್ತುವ ಮೊದಲು ಹುಡುಗನ ಚಾಕೊಲೇಟಿಗೆ ಕೊಟ್ಟು ಬರಬೇಕು.